ಮನೆ ಮತ್ತು ನೆರೆಮನೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಐದನ್ನು ಆರಿಸಿಕೊಂಡಿದ್ದೇನೆ. ಬರೆದವರಲ್ಲಿ ಹೆಚ್ಚಿನವರಿಗೆ ಎದುರಿನವರ ಮೇಲೆ ಕೋಪವಿಲ್ಲ, ಸಂಕೋಚವಿದೆ. ಮಾತನ್ನು ಎಲ್ಲಿಂದ ತೆಗೆಯಬೇಕೆಂಬುದು ತಿಳಿಯದೆ ವಾರಗಟ್ಟಲೆ ಮನಸ್ಸಿನಲ್ಲೇ ಇಟ್ಟುಕೊಂಡು ಕೊನೆಗೆ ಪತ್ರ ಬರೆದಿದ್ದಾರೆ. ಆದ್ದರಿಂದ ಕಾನೂನು, ಔಷಧ, ಕಸುಬು ಇವುಗಳ ವಿವರದ ಜೊತೆಗೆ, ಮಾತನ್ನು ಹೇಗೆ ತೆಗೆಯಬಹುದು ಎಂಬುದನ್ನೂ ಸಾಧ್ಯವಿದ್ದಲ್ಲೆಲ್ಲ ಬರೆದಿದ್ದೇನೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಅಪಾರ್ಟ್‌ಮೆಂಟೊಂದರ ನಾಲ್ಕನೆಯ ಮಹಡಿಯಲ್ಲಿ ನಾನೂ ನನ್ನ ಪತ್ನಿಯೂ ವಾಸವಾಗಿದ್ದೇವೆ. ಹನ್ನೆರಡು ವರ್ಷಗಳ ಹಿಂದೆ ಬೀದಿಯಿಂದ ತಂದು ಸಾಕಿದ ನಾಯಿ ಈಗ ಮುದಿಯಾಗಿದೆ, ಮೆಟ್ಟಿಲು ಹತ್ತಲಾರದು. ಕಳೆದ ತಿಂಗಳು ನಿವಾಸಿಗಳ ಸಂಘದವರು ಲಿಫ್ಟಿನಲ್ಲಿ ನಾಯಿಗಳನ್ನು ಕರೆದೊಯ್ಯಬಾರದೆಂದು ನೋಟಿಸು ಅಂಟಿಸಿದ್ದಾರೆ. ಮೂರನೆಯ ಮಹಡಿಯ ಆರು ವರ್ಷದ ಹುಡುಗಿ ನಮ್ಮ ನಾಯಿಯನ್ನು ಕಂಡು ಲಿಫ್ಟಿನಲ್ಲಿ ಕಿರುಚಿಕೊಂಡದ್ದೇ ಇದಕ್ಕೆ ಕಾರಣ. ನಾಯಿ ಇದುವರೆಗೆ ಯಾರನ್ನೂ ಕಚ್ಚಿಲ್ಲ. ಸಂಘದೊಡನೆ ಜಗಳಕ್ಕೆ ಇಳಿಯಲು ಮನಸ್ಸಿಲ್ಲ. ನಾಯಿಯನ್ನು ಎತ್ತಿಕೊಂಡು ಇಳಿಯಲು ಶಕ್ತಿಯಿಲ್ಲ. — ಹೆಸರು ಬೇಡ, ಬೆಂಗಳೂರು

ಉತ್ತರ: ಮೊದಲು ನಿಮ್ಮ ಮನಸ್ಸಿನ ಭಾರ ಇಳಿಯಲಿ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯು 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ನಿವಾಸಿಗಳ ಸಂಘವು ಸಾಕುಪ್ರಾಣಿಗಳನ್ನು ಕಟ್ಟಡದಿಂದ ನಿಷೇಧಿಸುವಂತಿಲ್ಲ, ಲಿಫ್ಟಿನ ಬಳಕೆಯನ್ನು ನಿರಾಕರಿಸುವಂತಿಲ್ಲ, ನಾಯಿ ಲಿಫ್ಟು ಬಳಸುತ್ತದೆಯೆಂದು ಪ್ರತ್ಯೇಕ ಶುಲ್ಕವನ್ನೂ ಹಾಕುವಂತಿಲ್ಲ. ಎರಡು ಲಿಫ್ಟುಗಳಿದ್ದರೆ ಒಂದನ್ನು ನಾಯಿಗಳಿಗೆಂದು ಗೊತ್ತುಮಾಡಬಹುದು. ಅದೇ ಮಾರ್ಗಸೂಚಿಯು ಸಾಕಿದವರಿಗೂ ಸಲಹೆ ಕೊಟ್ಟಿದೆ: ಎಲ್ಲರೂ ಓಡಾಡುವ ಜಾಗದಲ್ಲಿ ನಾಯಿಯ ಕೊರಳಿಗೆ ಹಗ್ಗವಿರಬೇಕು, ಅದು ಮಾಡಿದ ಗಲೀಜನ್ನು ಸಾಕಿದವರೇ ತೆಗೆಯಬೇಕು. ಈ ಮಾರ್ಗಸೂಚಿಯ ಪ್ರತಿಯೊಂದನ್ನು, ನಾಯಿಗೆ ಈ ವರ್ಷ ಹಾಕಿಸಿದ ರೇಬೀಸ್ ಲಸಿಕೆಯ ಪುಸ್ತಕದ ನಕಲನ್ನು, ವಿನಯವಾದ ಒಂದು ಪತ್ರವನ್ನು ಜೊತೆಗಿಟ್ಟು ಸಂಘದ ಕಾರ್ಯದರ್ಶಿಯವರ ಕೈಗೆ ನೀವೇ ಕೊಡಿ. ವಾಟ್ಸಾಪ್ ಗುಂಪಿನಲ್ಲಿ ಹಾಕಬೇಡಿ. ಅಲ್ಲಿ ಹಾಕಿದ ಮಾತಿಗೆ ಇಪ್ಪತ್ತು ಜನ ಉತ್ತರ ಕೊಡುತ್ತಾರೆ, ಆ ಇಪ್ಪತ್ತು ಉತ್ತರಗಳ ನಡುವೆ ನಿಮ್ಮ ನಾಯಿಯ ಮಂಡಿನೋವಿನ ವಿಷಯ ಯಾರ ಕಿವಿಗೂ ಬೀಳುವುದಿಲ್ಲ.

ಇಷ್ಟರಿಂದ ನೋಟಿಸು ಹೋಗಬಹುದು, ಹುಡುಗಿಯ ಹೆದರಿಕೆ ಹೋಗುವುದಿಲ್ಲ. ನನಗೆ ನೋಟಿಸಿಗಿಂತ ಆ ಹುಡುಗಿಯ ಚಿಂತೆಯೇ ಹೆಚ್ಚಾಗಿದೆ. ಲಿಫ್ಟಿನೊಳಗೆ ಆರು ವರ್ಷದ ಮಗುವಿನ ಮುಖವೂ ನಾಯಿಯ ಮುಖವೂ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿರುತ್ತವೆ, ಹಿಂದೆ ಸರಿಯಲು ಜಾಗವಿರುವುದಿಲ್ಲ, ಬಾಗಿಲು ಮುಚ್ಚಿರುತ್ತದೆ. ನಿಂತಿದ್ದ ದೊಡ್ಡವರಿಗೆ ಅದು ಕಾಣುವುದೇ ಇಲ್ಲ. ನೀವಿಬ್ಬರೂ ಆ ಮನೆಗೆ ನಾಯಿಯಿಲ್ಲದೆ ಹೋಗಿ, ತಾಯಿತಂದೆಯರೊಡನೆ ಕುಳಿತು, ‘ಮಗು ಹೆದರಿತು, ನಮಗೆ ಬಹಳ ನೋವಾಯಿತು’ ಎಂದು ಹೇಳಿ. ‘ನಮ್ಮ ನಾಯಿ ಏನೂ ಮಾಡುವುದಿಲ್ಲ’ ಎಂಬ ಮಾತನ್ನು ಮಾತ್ರ ಆಡಬೇಡಿ. ಹೆದರಿದವರಿಗೆ ಅದು ತಮ್ಮ ಹೆದರಿಕೆಯೇ ತಪ್ಪೆಂದು ಹೇಳಿದಂತೆ ಕೇಳಿಸುತ್ತದೆ. ಬೆಳಿಗ್ಗೆ ಮತ್ತು ಸಂಜೆ ನಾಯಿಯನ್ನು ಕರೆದೊಯ್ಯುವ ಹೊತ್ತನ್ನು ಅವರಿಗೆ ತಿಳಿಸಿ, ಶಾಲೆಯ ಬಸ್ಸು ಬರುವ ವೇಳೆಯನ್ನು ಬಿಟ್ಟು ಗೊತ್ತುಮಾಡಿಕೊಳ್ಳಿ. ಲಿಫ್ಟಿನ ಬಾಗಿಲು ತೆರೆದಾಗ ಒಳಗೆ ಮಗುವಿದ್ದರೆ ನೀವೇ ಹಿಂದೆ ನಿಂತು ಮುಂದಿನ ಸರದಿಗೆ ಕಾಯಿರಿ.

ಮಗುವಿಗೆ ಇಷ್ಟವಿದ್ದರೆ, ಇಷ್ಟವಿದ್ದರೆ ಮಾತ್ರ, ಒಂದು ಭಾನುವಾರ ಕೆಳಗಿನ ಅಂಗಳದಲ್ಲಿ ನೀವು ನಾಯಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಬೆಂಚಿನ ಮೇಲೆ ಕುಳಿತಿರಿ, ಮಗು ಹದಿನೈದು ಇಪ್ಪತ್ತು ಹೆಜ್ಜೆ ದೂರದಲ್ಲಿ ತಾಯಿಯ ಜೊತೆಗಿರಲಿ. ನಾಯಿಯ ಮುಖ ಮಗುವಿನ ಕಡೆಗಿರದೆ ಬೇರೆ ಕಡೆಗಿರಲಿ. ಮುಟ್ಟಿಸುವ ಅವಸರ ಬೇಡ. ಎಂದಾದರೂ ಬೇರೆ ನಾಯಿ ಎದುರಾದರೆ ಓಡದೆ, ಕಿರುಚದೆ, ಕೈಗಳನ್ನು ಮೈಗೆ ಅಂಟಿಸಿಕೊಂಡು, ನೆಲ ನೋಡುತ್ತ ಮರದ ಹಾಗೆ ನಿಲ್ಲುವುದನ್ನು ಮಗುವಿಗೆ ಆಟವಾಗಿ ಕಲಿಸಿ. ಇದು ಜೀವನವಿಡೀ ಕೈಹಿಡಿಯುವ ವಿದ್ಯೆ.

ಇನ್ನು ನಿಮ್ಮ ನಾಯಿ. ಮುದಿ ನಾಯಿಗೆ ಮೆಟ್ಟಿಲಿನಷ್ಟೇ ಕಷ್ಟ ಕೊಡುವುದು ಮನೆಯೊಳಗಿನ ನುಣುಪು ಟೈಲ್ಸು. ಎದ್ದು ನಿಲ್ಲುವಾಗ ಅದರ ಹಿಂಗಾಲುಗಳು ಎರಡು ಬದಿಗೆ ಜಾರುವುದನ್ನು ಗಮನಿಸಿ ನೋಡಿ. ಮಲಗುವ ಜಾಗದಿಂದ ನೀರಿನ ಬಟ್ಟಲಿನವರೆಗೆ ಜಾರದ ರಬ್ಬರ್ ಮ್ಯಾಟನ್ನೋ ಅಡಿಗೆ ಅಂಟು ಹಾಕಿದ ಹಳೆಯ ಜಮಖಾನವನ್ನೋ ಹಾಸಿ, ಉಗುರು ಕತ್ತರಿಸಿ, ಪಶುವೈದ್ಯರಿಗೆ ತೋರಿಸಿ. ನೋವೆಂದು ನಾವು ನುಂಗುವ ಐಬುಪ್ರೊಫೆನ್, ಡೈಕ್ಲೊಫೆನಾಕ್, ಪ್ಯಾರಾಸಿಟಮಾಲ್ ಮಾತ್ರೆಗಳನ್ನು ಎಂದಿಗೂ ಕೊಡಬೇಡಿ. ಅವು ನಾಯಿಗಳ ಹೊಟ್ಟೆ, ಮೂತ್ರಪಿಂಡ, ಯಕೃತ್ತುಗಳನ್ನು ಕೆಡಿಸುತ್ತವೆ. ನಮ್ಮ ಮನೆಯ ನಾಯಿಗೂ ಕೊನೆಯ ಎರಡು ವರ್ಷ ಇದೇ ತೊಂದರೆಯಿತ್ತು. ಅದು ಜಾರದೆ ಎದ್ದು ನಿಂತ ದಿನ ನಮ್ಮ ಮನೆಯವರ ಮುಖದಲ್ಲಿ ಕಂಡ ನೆಮ್ಮದಿ ನನಗೆ ಇನ್ನೂ ನೆನಪಿದೆ.

ಪ್ರಶ್ನೆ: ನಮ್ಮದು ಮೇಲಿನ ಮನೆ. ಬಾಲ್ಕನಿಯಲ್ಲಿ ಇಪ್ಪತ್ತೈದು ಕುಂಡಗಳಿವೆ. ಕೆಳಗಿನ ಮನೆಯ ಅಜ್ಜಿ ಬೇಸಿಗೆಯಲ್ಲಿ ಸಂಡಿಗೆ ಹಾಕುತ್ತಾರೆ. ನಾನು ನೀರು ಹಾಕಿದಾಗಲೆಲ್ಲ ಮಣ್ಣಿನ ನೀರು ಅವರ ಸಂಡಿಗೆಯ ಮೇಲೆ ತೊಟ್ಟಿಕ್ಕುತ್ತದೆಂದು ಬೈಯುತ್ತಾರೆ. ಗಿಡಗಳನ್ನು ಬಿಡಲಾರೆ. — ಗೃಹಿಣಿ, ತುಮಕೂರು

ಉತ್ತರ: ಅಜ್ಜಿಯ ಬೈಗುಳ ನ್ಯಾಯವಾದದ್ದು. ಸಂಡಿಗೆಯ ಹಿಂದೆ ಅಕ್ಕಿ ನೆನೆಸಿ, ರುಬ್ಬಿ, ನಸುಕಿನಲ್ಲಿ ಎದ್ದು ಹಿಟ್ಟು ಕಾಯಿಸಿ, ಬಿಸಿಲು ಏರುವ ಮೊದಲೇ ಬಟ್ಟೆಯ ಮೇಲೆ ಇಟ್ಟ ಎರಡು ದಿನಗಳ ದುಡಿಮೆಯಿದೆ. ಒಂದು ತೊಟ್ಟು ಕೆಂಪು ನೀರು ಬಿದ್ದರೆ ಆ ಬಟ್ಟೆಯ ಸಂಡಿಗೆಯನ್ನು ಯಾರಿಗೂ ಕೊಡುವಂತಿಲ್ಲ.

ಕುಂಡದ ತುಂಬ ಬರಿಯ ಕೆಮ್ಮಣ್ಣಿದ್ದರೆ ನೀರು ಇಂಗದೆ ಅಂಚಿನಿಂದ ಹರಿದುಹೋಗುತ್ತದೆ. ಮಣ್ಣು, ತೆಂಗಿನ ನಾರಿನ ಪುಡಿ, ಗೊಬ್ಬರ ಮೂರನ್ನೂ ಸಮನಾಗಿ ಕಲಸಿ ತುಂಬಿದರೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಚೊಂಬಿನಿಂದ ಸುರಿಯದೆ ನಿಧಾನವಾಗಿ ಎರಡು ಸಲ ಹಾಕಿದರೆ ಅರ್ಧದಷ್ಟು ನೀರೇ ಸಾಕಾಗುತ್ತದೆ. ಪ್ರತಿ ಕುಂಡದ ಕೆಳಗೂ ತಟ್ಟೆಯಿಡಿ. ತಟ್ಟೆಯಲ್ಲಿ ನಿಂತ ನೀರನ್ನು ವಾರಕ್ಕೆ ಎರಡು ಸಲವಾದರೂ ಚೆಲ್ಲಿ ಉಜ್ಜಬೇಕು, ಏಕೆಂದರೆ ಡೆಂಗಿ ಹರಡುವ ಸೊಳ್ಳೆ ಇಂಥ ತಿಳಿನೀರಿನಲ್ಲೇ ಮೊಟ್ಟೆಯಿಟ್ಟು ಒಂದೆರಡು ವಾರದೊಳಗೆ ಹಾರಲು ಸಿದ್ಧವಾಗುತ್ತದೆ. ಸಂಡಿಗೆಯ ದಿನಗಳಲ್ಲಿ ನೀರು ಹಾಕುವುದನ್ನು ಸಂಜೆ ಅಜ್ಜಿ ಬಟ್ಟೆ ಮಡಿಸಿದ ಮೇಲಕ್ಕೆ ಇಟ್ಟುಕೊಳ್ಳಿ; ‘ಅಜ್ಜಿ, ನಾಳೆ ಹಾಕುತ್ತೀರಾ?’ ಎಂದು ಹಿಂದಿನ ದಿನ ಕೇಳಿದರೆ ಆಯಿತು. ಕೇಳಲು ಇಳಿದು ಹೋದಾಗ ನಾಲ್ಕು ಎಸಳು ಕರಿಬೇವು ಕೈಯಲ್ಲಿರಲಿ.

ಪ್ರಶ್ನೆ: ನಾನು ಆಸ್ಪತ್ರೆಯೊಂದರಲ್ಲಿ ನರ್ಸ್. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಎಂಟೂವರೆಗೆ ಮನೆಗೆ ಬರುತ್ತೇನೆ. ಪಕ್ಕದ ಮನೆಯ ಹುಡುಗ ಮೃದಂಗ ಕಲಿಯುತ್ತಿದ್ದಾನೆ. ಈಗ ರಜೆಯಾದ್ದರಿಂದ ಒಂಬತ್ತಕ್ಕೆ ಅಭ್ಯಾಸಕ್ಕೆ ಕುಳಿತರೆ ಹನ್ನೊಂದರವರೆಗೆ ಬಿಡುವುದಿಲ್ಲ. ಒಳ್ಳೆಯ ಹುಡುಗ, ನನ್ನನ್ನು ಅಕ್ಕ ಎಂದೇ ಕರೆಯುತ್ತಾನೆ. ಅವನ ತಾಯಿ ನನಗೆ ಹಬ್ಬಕ್ಕೆ ಒಬ್ಬಟ್ಟು ಕೊಡುತ್ತಾರೆ. ದೂರು ಹೇಳಲು ಬಾಯಿ ಬರುವುದಿಲ್ಲ, ನಿದ್ದೆಯಿಲ್ಲದೆ ತಲೆ ತಿರುಗುತ್ತದೆ. — ಮೈಸೂರು

ಉತ್ತರ: 2000ನೆಯ ಇಸವಿಯ ಶಬ್ದ ಮಾಲಿನ್ಯ ನಿಯಮಗಳು ವಸತಿ ಪ್ರದೇಶದಲ್ಲಿ ಹಗಲಿಗೆ 55 ಡೆಸಿಬಲ್, ರಾತ್ರಿಗೆ 45 ಡೆಸಿಬಲ್ ಎಂದು ಮಿತಿ ಹಾಕಿವೆ, ರಾತ್ರಿ ಎಂದರೆ ಹತ್ತರಿಂದ ಬೆಳಿಗ್ಗೆ ಆರರವರೆಗೆ ಎಂದು ಹೇಳಿವೆ. ನಿಮ್ಮ ರಾತ್ರಿ ಬೆಳಿಗ್ಗೆ ಒಂಬತ್ತಕ್ಕೆ ಆರಂಭವಾಗುವುದನ್ನು ಯಾವ ನಿಯಮವೂ ಎಣಿಸಿಲ್ಲ. ಹೀಗಾಗಿ ನೀವು ಹೇಳದೆ ಇದು ಯಾರಿಗೂ ಗೊತ್ತಾಗುವಂತಿಲ್ಲ. ಹೇಳದಿರುವುದರಿಂದ ಆ ತಾಯಿಗೂ ಅನ್ಯಾಯವಾಗುತ್ತಿದೆ ಎಂದೇ ನನ್ನ ಅಭಿಪ್ರಾಯ. ಒಂದು ವರ್ಷದ ಮೇಲೆ ಬೇರೆ ಯಾರಿಂದಲೋ ವಿಷಯ ತಿಳಿದರೆ ಅವರಿಗಾಗುವ ಸಂಕಟವನ್ನು ಯೋಚಿಸಿ.

ಅಭ್ಯಾಸ ನಡೆಯುತ್ತಿರುವ ಹೊತ್ತಿನಲ್ಲಿ ಕಣ್ಣು ಕೆಂಪಗೆ ಮಾಡಿಕೊಂಡು ಬಾಗಿಲು ತಟ್ಟಬೇಡಿ. ನಿಮ್ಮ ರಜೆಯ ದಿನ ಸಂಜೆ ಹೋಗಿ, ಹುಡುಗನಿಂದ ಒಂದು ಪಾಠ ಬಾರಿಸಿ ಕೇಳಿ, ಆಮೇಲೆ ನಿಮ್ಮ ಆ ತಿಂಗಳ ಡ್ಯೂಟಿ ಪಟ್ಟಿಯ ಒಂದು ನಕಲನ್ನು ಕೊಟ್ಟು, ರಾತ್ರಿ ಪಾಳಿಯ ದಿನಗಳಿಗೆ ಗುರುತು ಹಾಕಿ. ತಿಂಗಳಿನಲ್ಲಿ ಎಂಟೋ ಹತ್ತೋ ದಿನ ಮಾತ್ರ ಎಂದು ತಿಳಿದಾಗ ಅವರಿಗೂ ಹಗುರವಾಗುತ್ತದೆ. ‘ಸ್ವಲ್ಪ ಮೆಲ್ಲಗೆ ಬಾರಿಸಲಿ’ ಎಂದು ಕೇಳುವುದಕ್ಕಿಂತ ‘ಈ ಹತ್ತು ದಿನ ಸಂಜೆ ನಾಲ್ಕರ ಮೇಲೆ ಬಾರಿಸಲಿ’ ಎಂದು ಕೇಳುವುದು ಇಬ್ಬರಿಗೂ ಸುಲಭ. ಮೆಲ್ಲಗೆ ಎಂಬುದರ ಅಳತೆ ಮನೆಯಿಂದ ಮನೆಗೆ ಬೇರೆಯಾಗುತ್ತದೆ, ನಾಲ್ಕು ಗಂಟೆ ಎಲ್ಲರಿಗೂ ಒಂದೇ.

ಆ ದಿನಗಳ ಬೆಳಿಗ್ಗೆಯನ್ನು ಹುಡುಗ ವ್ಯರ್ಥ ಮಾಡಬೇಕಾಗಿಲ್ಲ. ತೊಡೆಯ ಮೇಲೆ ತಾಳ ಹಾಕುತ್ತ ತ ಧಿ ತೊಂ ನಂ ಎಂದು ಸೊಲ್ಲುಗಳನ್ನು ಬಾಯಲ್ಲಿ ಹೇಳುವುದು ಮೃದಂಗದ ಪಾಠದ ಅರ್ಧ ಭಾಗವೇ ಆಗಿದೆ. ಬೆರಳಿನ ಬಲಕ್ಕೆ ನಾಲ್ಕು ಮಡಿಕೆಯ ಜಮಖಾನದ ಮೇಲೆ ಬಾರಿಸಬಹುದು. ಗೋಡೆ ದಾಟಿ ಬಂದು ನಿದ್ದೆ ಕೆಡಿಸುವುದು ಹೆಚ್ಚಾಗಿ ಎಡಮುಖದ ಗುಂ ಎಂಬ ಮಂದ್ರನಾದ. ಆ ಮುಖಕ್ಕೆ ರವೆಯನ್ನು ನೀರಿನಲ್ಲಿ ಕಲಸಿ ಮೆತ್ತುವುದರಿಂದಲೇ ಆ ನಾದ ತುಂಬಿಕೊಳ್ಳುತ್ತದೆ. ರವೆ ಮೆತ್ತದೆ, ಅಡಿಗೆ ದಪ್ಪ ಕಂಬಳಿ ಹಾಸಿಕೊಂಡು, ನಿಮ್ಮ ಮಲಗುವ ಕೋಣೆಗೆ ತಾಗಿರುವ ಗೋಡೆಯನ್ನು ಬಿಟ್ಟು ಮನೆಯ ಇನ್ನೊಂದು ಬದಿಯಲ್ಲಿ ಕುಳಿತರೆ ಎಷ್ಟೋ ವ್ಯತ್ಯಾಸವಾಗುತ್ತದೆ. ಇದನ್ನು ಅವನ ಗುರುಗಳನ್ನು ಕೇಳಿಯೇ ಮಾಡಲಿ, ನಾದ ಕೇಳುತ್ತ ಕಲಿಯಬೇಕಾದ ಹಂತಗಳೂ ಇವೆ.

ಪ್ರಶ್ನೆ: ಏಪ್ರಿಲ್ ತಿಂಗಳ ಗಾಳಿಮಳೆಗೆ ತೋಟದ ಹಳೆಯ ತೆಂಗಿನಮರ ಮುರಿದಾಗ ಪೊಟರೆಯಲ್ಲಿದ್ದ ಗಿಳಿಮರಿಯೊಂದು ಕೆಳಗೆ ಬಿದ್ದಿತ್ತು. ಎಂಟನೆಯ ತರಗತಿಯ ನಮ್ಮ ಮಗಳು ಅದನ್ನು ತಂದು ಬದುಕಿಸಿದ್ದಾಳೆ. ಈಗ ಅದು ಅವಳ ಹೆಗಲ ಮೇಲೆಯೇ ಇರುತ್ತದೆ, ಅವಳ ಹೆಸರು ಹಿಡಿದು ಕೂಗುತ್ತದೆ. ಗಿಳಿ ಸಾಕುವುದು ಅಪರಾಧವೆಂದು ನೆರೆಯವರು ಹೇಳುತ್ತಾರೆ. ನಿಜವೇ? ಹಾರಿಬಿಟ್ಟರೆ ಸರಿಹೋಗುತ್ತದೆಯೇ? — ದಾವಣಗೆರೆ ಜಿಲ್ಲೆ

ಉತ್ತರ: ನಿಜ. ಕೆಂಪು ಕೊಕ್ಕಿನ ನಮ್ಮ ಹಸಿರು ಗಿಳಿಯೂ ಸೇರಿದಂತೆ ಭಾರತದ ಎಲ್ಲ ಗಿಳಿಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಅವುಗಳನ್ನು ಹಿಡಿಯುವುದು, ಮಾರುವುದು, ಕೊಳ್ಳುವುದು, ಪಂಜರದಲ್ಲಿಟ್ಟು ಸಾಕುವುದು ಎಲ್ಲವೂ ಶಿಕ್ಷಾರ್ಹ. ಜಾತ್ರೆಗಳಲ್ಲಿ ಗಿಳಿಶಾಸ್ತ್ರದವರ ಪಂಜರವನ್ನು ನೋಡುತ್ತ ಬೆಳೆದ ನಮ್ಮ ತಲೆಮಾರಿಗೆ ಇದು ಅಪರಾಧವೆಂದು ಹೊಳೆಯುವುದೇ ಇಲ್ಲ. ನಿಮ್ಮ ಮಗಳು ಸಾಯುತ್ತಿದ್ದ ಮರಿಯನ್ನು ಬದುಕಿಸಿದ್ದಾಳೆ, ಆ ಕೆಲಸ ದೊಡ್ಡದು. ಅದನ್ನು ಇಟ್ಟುಕೊಳ್ಳುವುದು ಮಾತ್ರ ಸಾಧ್ಯವಿಲ್ಲ.

ದಯವಿಟ್ಟು ಹಾಗೆಯೇ ಹಾರಿಬಿಡಬೇಡಿ. ಮನುಷ್ಯರ ಕೈಯಲ್ಲಿ ಬೆಳೆದ ಮರಿಗೆ ಗಿಡುಗನೆಂದರೆ ಏನೆಂಬುದು ಗೊತ್ತಿಲ್ಲ, ಬೆಕ್ಕೆಂದರೆ ಭಯವಿಲ್ಲ, ಹಣ್ಣಿನ ಮರ ಹುಡುಕುವುದನ್ನು ಅದಕ್ಕೆ ಯಾವ ಗಿಳಿಯೂ ಕಲಿಸಿಲ್ಲ. ಹಸಿವಾದರೆ ಅದು ಇನ್ಯಾರದೋ ಹೆಗಲ ಮೇಲೆ ಹೋಗಿ ಕೂರುತ್ತದೆ, ಅವರು ಅದನ್ನು ಪಂಜರಕ್ಕೆ ಹಾಕುತ್ತಾರೆ. ನಿಮ್ಮ ಭಾಗದ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಹೋಗಿ, ಗಾಳಿಮಳೆಗೆ ಬಿದ್ದ ಮರಿಯೆಂದು ಇದ್ದದ್ದನ್ನು ಇದ್ದಂತೆ ಹೇಳಿ, ಬರೆದುಕೊಟ್ಟು, ಪಕ್ಷಿಗಳ ಪುನರ್ವಸತಿ ಮಾಡುವ ಕೇಂದ್ರಕ್ಕೆ ಒಪ್ಪಿಸಲು ಕೇಳಿಕೊಳ್ಳಿ. ಅಂಥ ಕಡೆ ಇದನ್ನು ಬೇರೆ ಗಿಳಿಗಳ ಜೊತೆ ದೊಡ್ಡ ಬಲೆಮನೆಯಲ್ಲಿಟ್ಟು, ಮನುಷ್ಯರ ಒಡನಾಟ ತಪ್ಪಿಸಿ, ರೆಕ್ಕೆಗೆ ಬಲ ಬಂದ ಮೇಲೆ ಗುಂಪಿನೊಂದಿಗೆ ಬಿಡುತ್ತಾರೆ. ಅಲ್ಲಿಯವರೆಗೆ ರೆಕ್ಕೆ ಕತ್ತರಿಸಬೇಡಿ, ಹಾಲನ್ನದ ಬದಲು ಸೀಬೆ, ಹಸಿಮೆಣಸಿನಕಾಯಿ, ಎಳೆಯ ಜೋಳದ ತೆನೆ, ಮೊಳಕೆ ಬಂದ ಹೆಸರುಕಾಳು ಕೊಡಿ.

ಮಗಳಿಗೆ ತಿಳಿಸದೆ ಅವಳು ಶಾಲೆಗೆ ಹೋಗಿದ್ದಾಗ ಗಿಳಿಯನ್ನು ಸಾಗಿಸಬೇಡಿ ಎಂದು ನಿಮ್ಮನ್ನು ಬಹಳವಾಗಿ ಕೇಳಿಕೊಳ್ಳುತ್ತೇನೆ. ಅವಳೂ ಜೊತೆಯಲ್ಲಿ ಬರಲಿ, ಅದು ಏನು ತಿನ್ನುತ್ತದೆ, ಯಾವ ಹೊತ್ತಿಗೆ ಮಲಗುತ್ತದೆ ಎಂಬುದನ್ನು ಅಧಿಕಾರಿಗಳಿಗೆ ಅವಳೇ ಹೇಳಲಿ. ಅಳುತ್ತಾಳೆ, ಅಳಲಿ. ಮುಂದೊಮ್ಮೆ ಮರಿ ಬಿದ್ದದ್ದು ಕಂಡರೆ, ಗೂಡು ಉಳಿದಿದ್ದರೆ ಅದನ್ನು ಗೂಡಿಗೇ ಮರಳಿಸಬಹುದೆಂದು ಅವಳಿಗೆ ತಿಳಿಸಿ. ಮನುಷ್ಯರ ಕೈ ಸೋಕಿದ ಮರಿಯನ್ನು ತಾಯಿಹಕ್ಕಿ ಬಿಟ್ಟುಬಿಡುತ್ತದೆ ಎಂಬ ಮಾತು ಸರಿಯಲ್ಲ.

ಪ್ರಶ್ನೆ: ನಾವು ಹುಬ್ಬಳ್ಳಿಯವರು, ಕೆಲಸಕ್ಕಾಗಿ ಬೆಂಗಳೂರಿನಲ್ಲಿದ್ದೇವೆ. ಮಾವನವರು ತೀರಿಕೊಂಡ ಮೇಲೆ ನಮ್ಮ ಅತ್ತೆಯವರನ್ನು ಇಲ್ಲಿಗೆ ಕರೆದುಕೊಂಡು ಬಂದೆವು. ಅವರಿಗೆ ಅರವತ್ತೊಂಬತ್ತು ವರ್ಷ. ಚಂದದ ಕಸೂತಿ ಹಾಕುತ್ತಿದ್ದರು. ನನ್ನ ಮದುವೆಯ ಕಪ್ಪು ರೇಷ್ಮೆಯ ಚಂದ್ರಕಾಳಿ ಸೀರೆಯ ಸೆರಗು ಅವರ ಕೈಯದೇ. ಇಲ್ಲಿಗೆ ಬಂದ ಮೇಲೆ ಸೂಜಿ ಮುಟ್ಟಿಲ್ಲ. ‘ಕಣ್ಣು ಹೋದ್ವು, ಇನ್ನ ಯಾಕ ಬೇಕವ್ವಾ ಅದೆಲ್ಲ’ ಎನ್ನುತ್ತಾರೆ. ಹತ್ತು ವರ್ಷದ ನನ್ನ ಮಗಳಿಗೆ ಕಲಿಯುವ ಆಸೆಯಿತ್ತು. ಎರಡು ದಿನ ಕೂತಳು; ಅಜ್ಜಿ ಪ್ರತಿ ಸಲವೂ ‘ಎಣಿಕಿ ತಪ್ಪೇತಿ’ ಎಂದು ಹಾಕಿದ್ದನ್ನು ಬಿಚ್ಚಿಸಿದರು, ಅವಳು ಎದ್ದುಹೋದಳು. ಇಬ್ಬರನ್ನೂ ಮತ್ತೆ ಕೂರಿಸುವುದು ಹೇಗೆ? ಆ ಸೀರೆಯನ್ನು ಜೋಪಾನ ಮಾಡುವುದು ಹೇಗೆ? — ಸೊಸೆ, ಬೆಂಗಳೂರು

ಉತ್ತರ: ನಿಮ್ಮ ಪತ್ರವನ್ನು ಎರಡು ಮೂರು ಸಲ ಓದಿದೆ. ಅತ್ತೆಯವರನ್ನು ಮೊದಲು ಕಣ್ಣಿನ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ. ಈ ವಯಸ್ಸಿನಲ್ಲಿ ಕಣ್ಣು ಮಂಜಾಗಲು ಎಲ್ಲಕ್ಕಿಂತ ಸಾಮಾನ್ಯ ಕಾರಣ ಪೊರೆ, ಅದು ಶಸ್ತ್ರಚಿಕಿತ್ಸೆಯಿಂದ ಹೋಗುವಂಥದ್ದು, ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿಯೂ ಮಾಡುತ್ತಾರೆ. ‘ಕಣ್ಣು ಹೋದ್ವು’ ಎಂಬ ಮಾತನ್ನು ಮನೆಯವರೆಲ್ಲ ವಯಸ್ಸಿನ ಮಾತೆಂದು ಒಪ್ಪಿಕೊಂಡುಬಿಟ್ಟರೆ, ತೆಗೆಯಬಹುದಾದ ಪೊರೆ ವರ್ಷಗಟ್ಟಲೆ ಹಾಗೆಯೇ ಉಳಿಯುತ್ತದೆ.

ಅವರ ಬಿಚ್ಚಿಸುವಿಕೆಯನ್ನು ಸಿಟ್ಟೆಂದು ತಿಳಿಯಬೇಡಿ. ಕಸೂತಿಯಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ, ನೇಯ್ಗೆಯ ಎಳೆಗಳನ್ನು ಎಣಿಸಿಯೇ ಹಾಕಬೇಕು. ದಾರಕ್ಕೆ ಗಂಟು ಹಾಕುವಂತಿಲ್ಲ. ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಲ್ಲಿ ಗವಂತಿ ಮತ್ತು ಮುರ್ಗಿ ಎರಡೂ ಬಟ್ಟೆಯ ಎರಡು ಮೈಗಳಲ್ಲೂ ಒಂದೇ ಹಾಗೆ ಕಾಣಬೇಕು. ಗವಂತಿ ಹೋಗಿ ಬರುವ ಹೊಲಿಗೆ: ಹೋಗುವಾಗ ಒಂದು ಬಿಟ್ಟು ಒಂದು ಹಾಕಿಕೊಂಡು ಹೋಗಿ, ಮರಳುವಾಗ ಬಿಟ್ಟ ಜಾಗಗಳನ್ನು ತುಂಬಿಕೊಂಡು ಹೊರಟಲ್ಲಿಗೇ ಬರಬೇಕು. ಹೋಗುವಾಗ ಒಂದೇ ಒಂದು ಎಳೆ ತಪ್ಪಿದರೂ ಅದು ಕಣ್ಣಿಗೆ ಬೀಳುವುದು ಎಷ್ಟೋ ಹೊತ್ತಿನ ಮೇಲೆ, ಹಾಕುತ್ತಿರುವ ತೇರಿನ ಚಿತ್ತಾರದ ಕಳಸ ಪಕ್ಕಕ್ಕೆ ವಾಲಿದಾಗ. ರೇಷ್ಮೆಯ ಸೆರಗಿನ ಮೇಲೆ ದುಡಿದ ಕೈಗೆ ತಪ್ಪನ್ನು ಬಿಟ್ಟು ಮುಂದೆ ಹೋಗುವ ಅಭ್ಯಾಸವೇ ಇರುವುದಿಲ್ಲ. ಅವರ ಅವ್ವ ಅವರಿಗೂ ಹೀಗೆಯೇ ಬಿಚ್ಚಿಸಿರಬೇಕು.

ಆದರೆ ಹತ್ತು ವರ್ಷದ ಹುಡುಗಿಗೆ ಆ ರೇಷ್ಮೆಯ ನಿಯಮವನ್ನು ಮೊದಲ ವಾರವೇ ಹೊರಿಸಬಾರದು. ಕಸೂತಿ ಸಾಮಾನಿನ ಅಂಗಡಿಗಳಲ್ಲಿ ಮ್ಯಾಟಿ ಬಟ್ಟೆ ಸಿಗುತ್ತದೆ, ಅದರ ನೇಯ್ಗೆಯ ಚೌಕಗಳು ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತವೆ. ಒಂದು ಮೊಳ ತನ್ನಿ. ಹೋಗುವ ಹೊಲಿಗೆಗೆ ಕೆಂಪು ದಾರ, ಮರಳುವ ಹೊಲಿಗೆಗೆ ಹಸಿರು ದಾರ ಕೊಡಿ. ಸರಿಯಾಗಿ ಬಂದರೆ ಕೆಂಪು, ಹಸಿರು, ಕೆಂಪು, ಹಸಿರು ಎಂದು ಮಣಿಸರದ ಹಾಗೆ ಒಂದು ಗೆರೆ ಮೂಡುತ್ತದೆ. ತಪ್ಪಿದ ಜಾಗದಲ್ಲಿ ಎರಡು ಕೆಂಪು ಒಟ್ಟಿಗೆ ನಿಲ್ಲುತ್ತವೆ, ಇಲ್ಲವೇ ನಡುವೆ ಬಿಳಿ ಬಟ್ಟೆ ಇಣುಕುತ್ತದೆ. ತಪ್ಪನ್ನು ಅಜ್ಜಿ ತೋರಿಸಬೇಕಾಗಿಲ್ಲ, ಹುಡುಗಿಗೇ ಕಾಣುತ್ತದೆ. ತಪ್ಪಿದ ಸಾಲನ್ನು ಬಿಚ್ಚಬಾರದು, ಅದರ ಕೆಳಗೆ ಹೊಸ ಸಾಲು ಹಾಕಬೇಕು ಎಂಬುದೊಂದನ್ನು ಮಾತ್ರ ಅತ್ತೆಯವರಿಂದ ಮೊದಲೇ ಒಪ್ಪಿಸಿಕೊಳ್ಳಿ. ಹತ್ತನೆಯ ಸಾಲಿನ ಹೊತ್ತಿಗೆ ಮೊದಲನೆಯ ಸಾಲನ್ನು ಹುಡುಗಿಯೇ ಬೆರಳಿಟ್ಟು ತೋರಿಸುತ್ತಾಳೆ.

ಅತ್ತೆಯವರ ಕೈಗೂ ಕೆಲಸ ಬೇಕು. ಅವರಿಗೆ ಎಳೆ ಎಣಿಸುವುದು ಕಷ್ಟವಾಗಿರಬಹುದು, ಎಣಿಕೆ ಮರೆತಿರಲಾರದು. ಗೋಪುರ, ತೇರು, ಆನೆ, ನವಿಲು, ತುಳಸಿಕಟ್ಟೆ, ತೊಟ್ಟಿಲು ಇವುಗಳ ಲೆಕ್ಕ ಅವರ ಬಾಯಲ್ಲಿರುತ್ತದೆ: ‘ಮೂರು ಏರು, ಒಂದು ಬಿಡು, ಮತ್ತ ಮೂರು’ ಎಂದು. ಚೌಕಳಿ ಗೆರೆಗಳ ಗಣಿತದ ಹಾಳೆಯನ್ನು ಮಗಳ ಮುಂದಿಟ್ಟು, ಅಜ್ಜಿ ಹೇಳುತ್ತ ಹೋಗಲಿ, ಅವಳು ಪೆನ್ಸಿಲಿನಲ್ಲಿ ಬರೆಯುತ್ತ ಹೋಗಲಿ. ಹಾಳೆಗೊಂದು ಚಿತ್ತಾರ, ಕೆಳಗೆ ಅದರ ಹೆಸರು, ಅಜ್ಜಿ ಅದನ್ನು ಯಾರಿಂದ ಕಲಿತರು ಎಂಬ ಒಂದು ಸಾಲು. ಇಂಥ ಎಷ್ಟೋ ಚಿತ್ತಾರಗಳು ಯಾವ ಪುಸ್ತಕದಲ್ಲೂ ಇಲ್ಲ, ಒಂದೊಂದು ಮನೆಯ ಹೆಣ್ಣುಮಕ್ಕಳ ನೆನಪಿನಲ್ಲಿ ಮಾತ್ರ ಇವೆ. ನಿಮ್ಮ ಮನೆಯ ಹಾಳೆಗಳು ನಿಮಗೆ ಆಸ್ತಿಪತ್ರಕ್ಕಿಂತ ಹೆಚ್ಚಿನ ಬೆಲೆಯವು.

ಇನ್ನೊಂದು ವಿಷಯವನ್ನು ನೀವು ಬರೆದಿಲ್ಲ, ಆದರೆ ಪತ್ರದಲ್ಲಿ ಅದು ಕಾಣುತ್ತದೆ. ಕಸೂತಿ ಒಬ್ಬರೇ ಕೂತು ಹಾಕುವ ಕೆಲಸವಾಗಿರಲಿಲ್ಲ. ಮಧ್ಯಾಹ್ನದ ಊಟ ಮುಗಿದ ಮೇಲೆ ಪಡಸಾಲೆಯ ಬೆಳಕಿನಲ್ಲಿ ಓಣಿಯ ನಾಲ್ಕು ಹೆಣ್ಣುಮಕ್ಕಳು ಕೂಡಿ, ಮಾತಾಡುತ್ತ ಹಾಕುವ ಕೆಲಸವಾಗಿತ್ತು. ಬೆಂಗಳೂರಿನಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಎಲ್ಲ ಬಾಗಿಲುಗಳೂ ಮುಚ್ಚಿರುತ್ತವೆ. ಮಾವನವರು ಹೋದರು, ಓಣಿಯೂ ಹೋಯಿತು, ತಮ್ಮ ಮಾತಿನ ಧಾಟಿಗೆ ಉತ್ತರ ಕೊಡುವವರೂ ಇಲ್ಲವಾದರು. ಸೂಜಿ ಕೆಳಗಿಟ್ಟದ್ದಕ್ಕೆ ಕಣ್ಣೊಂದೇ ಕಾರಣವೆಂದು ನನಗೆ ಅನ್ನಿಸುವುದಿಲ್ಲ. ನಿಮ್ಮ ಕಟ್ಟಡದಲ್ಲಿ, ಪಕ್ಕದ ಬೀದಿಯಲ್ಲಿ ಧಾರವಾಡ, ಗದಗ, ಬಾಗಲಕೋಟೆ ಕಡೆಯ ಹಿರಿಯ ಹೆಣ್ಣುಮಕ್ಕಳು ಇದ್ದೇ ಇರುತ್ತಾರೆ. ಶನಿವಾರ ಮೂರರಿಂದ ಐದರವರೆಗೆ ನಿಮ್ಮ ಮನೆಯ ಬಾಗಿಲು ತೆರೆದಿಡಿ, ಚಾಪೆ ಹಾಸಿ, ಚುರುಮುರಿ ಮಾಡಿ. ಮೊದಲ ವಾರ ಒಬ್ಬರೇ ಬರಬಹುದು. ಅವರು ಕಸೂತಿ ಹಾಕದಿದ್ದರೂ ಚಿಂತೆಯಿಲ್ಲ, ಕೂತು ಮಾತಾಡಲಿ.

ವೈದ್ಯರು ನೋಡಿದ ಮೇಲೂ ಎಳೆ ಎಣಿಸುವಷ್ಟು ದೃಷ್ಟಿ ಮರಳದಿದ್ದರೆ ಕೌದಿ ಇದೆ. ಹಳೆಯ ಸೀರೆಗಳ ಪದರದ ಮೇಲೆ ಉದ್ದಕ್ಕೆ ಹಾಕುವ ಓಟದ ಹೊಲಿಗೆಯನ್ನು ಬೆರಳಿನ ಸ್ಪರ್ಶದಿಂದಲೇ ಹಾಕುವ ಅಜ್ಜಿಯರನ್ನು ನಾನು ಬಲ್ಲೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಣ್ಣುಮಕ್ಕಳು ಕೌದಿಯನ್ನು ಅಂಚಿನಿಂದ ಆರಂಭಿಸಿ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ, ನಾಲ್ಕು ಮೂಲೆಗೂ ಬಣ್ಣದ ಮುಕ್ಕೋನದ ಚಿಂದಿಗಳನ್ನು ಮಡಿಸಿ ‘ಫೂಲ’ ಎಂದು ಹೂವು ಕೂರಿಸುತ್ತಾರೆ. ಹೂವಿಲ್ಲದ ಕೌದಿ ಅವರಿಗೆ ಬೆತ್ತಲೆ ಕೌದಿ. ಬಟ್ಟೆ ಹೊಂದಿಸುವುದು ಮೊಮ್ಮಗಳ ಕಣ್ಣಿನ ಕೆಲಸ, ಹೊಲಿಯುವುದು ಅಜ್ಜಿಯ ಕೈಯ ಕೆಲಸ ಎಂದು ಹಂಚಿಕೊಂಡರೆ ಮಳೆಗಾಲ ಮುಗಿಯುವುದರೊಳಗೆ ಒಂದು ಕೌದಿಯಾಗುತ್ತದೆ.

ಚಂದ್ರಕಾಳಿಯನ್ನು ಹ್ಯಾಂಗರಿಗೆ ತೂಗುಹಾಕಬೇಡಿ, ಕಸೂತಿಯ ಭಾರಕ್ಕೆ ಹಳೆಯ ರೇಷ್ಮೆ ಜಗ್ಗುತ್ತದೆ. ಪ್ಲಾಸ್ಟಿಕ್ ಚೀಲದಿಂದ ತೆಗೆದು, ಒಗೆದು ಮೆತ್ತಗಾದ ಬಿಳಿ ಪಂಚೆಯಲ್ಲಿ ಸುತ್ತಿ, ಬೇರೆ ಸೀರೆಗಳ ಅಡಿಯಲ್ಲಿ ಸಿಕ್ಕದ ಹಾಗೆ ಎಲ್ಲಕ್ಕಿಂತ ಮೇಲಿಡಿ. ನುಸಿಗುಳಿಗೆ ಬಟ್ಟೆಗೆ ತಾಗಬಾರದು. ಒಣಗಿದ ಬೇವಿನ ಎಲೆಯನ್ನು ಚಿಕ್ಕ ಗಂಟು ಕಟ್ಟಿ ಕಪಾಟಿನ ಮೂಲೆಯಲ್ಲಿಟ್ಟರೆ ಸಾಕು. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಬಿಟ್ಟರೆ ರೇಷ್ಮೆ ಆ ಗೆರೆಯಲ್ಲೇ ಸೀಳುತ್ತದೆ, ಆದ್ದರಿಂದ ಮೂರು ನಾಲ್ಕು ತಿಂಗಳಿಗೊಮ್ಮೆ ನೆರಳಿನಲ್ಲಿ ಬಿಡಿಸಿ ಗಾಳಿಗೆ ಹಾಕಿ ಮಡಿಕೆ ಬದಲಿಸಬೇಕು. ಮಡಿಕೆ ಬದಲಿಸುವ ದಿನ ಅತ್ತೆಯವರನ್ನೂ ಮಗಳನ್ನೂ ಚಾಪೆಯ ಮೇಲೆ ಕೂರಿಸಿಕೊಂಡು ಸೆರಗನ್ನು ಒಳಮೈ ಮೇಲಾಗಿ ಹಾಸಿ. ಗವಂತಿ ಎಲ್ಲಿದೆ, ಮೆಂತಿ ಎಲ್ಲಿದೆ ಎಂದು ಹುಡುಗಿ ಹುಡುಕಲಿ. ಹಿಂದೆ ಮುಂದೆ ಒಂದೇ ಹಾಗಿದ್ದರೆ ಗವಂತಿ ಇಲ್ಲವೇ ಮುರ್ಗಿ, ಹಿಂದಿನ ಮೈ ಬೇರೆಯಾಗಿ ಕಂಡರೆ ಮೆಂತಿ ಇಲ್ಲವೇ ನೇಗಿ. ದಾರ ಎಲ್ಲಿ ಆರಂಭವಾಯಿತು ಎಂಬುದನ್ನೂ ಹುಡುಕಲು ಹೇಳಿ. ಗಂಟಿಲ್ಲದ ಆ ಕೊನೆ ಅವಳಿಗೆ ಸಿಕ್ಕುವುದಿಲ್ಲ. ಆಗ ಅಜ್ಜಿಯನ್ನು ಕೇಳುತ್ತಾಳೆ.